ಹೊಕ್ಕುಳು ಹೂತ ಜಾಗ

ಎಲ್ಲಿ ನೋಡಿದರೂ ಹೊಂಗೆಮರವೇ ಕಾಣೋ ಒಂದು ರಾಜ್ಯ ಇತ್ತಂತೆ. ಅದಕ್ಕೇ ಅದನ್ನ ಹೊಂಗೆನಾಡು ಅಂತ ಕರೀತಿದ್ದರು. ಅದರ ಪಕ್ಕದಲ್ಲಿ ಇನ್ನೊಂದು ರಾಜ್ಯ. ಅಲ್ಲಿ ಮುತ್ತುಗದ ಮರ ಜಾಸ್ತಿ, ಅದು ಮುತ್ತುಗನಾಡು. ಎರಡರ ನಡುವೆ ಒಂದು ಹೊಳೆ. ಮಳೆಗಾಲದಲ್ಲಿ ಆ ಹೊಳೆ ಆನೆಯನ್ನೂ ಎಳಕೊಂಡು ಹೋಗೋದು. ಬೇಸಿಗೆ ಬಂದರೆ ಸೊರಗಿ, ನಡುವೆ ಉದ್ದಕ್ಕೆ ಒಂದು ಮರಳದಿಬ್ಬ ಏಳೋದು. ದಿಬ್ಬದ ಈಚೆಗೂ ಆಚೆಗೂ ಮೊಣಕಾಲುದ್ದ ನೀರು, ಅಷ್ಟೇ. ಜನ ಸೀರೆ, ಪಂಚೆ ಎತ್ತಿ ಕಟ್ಟಿಕೊಂಡು ದಾಟೋರು. ಈ ಕಡೆಯಿಂದ ಆ ಕಡೆಗೆ ಹೆಣ್ಣು ಕೊಡೋರು, ಆ ಕಡೆಯಿಂದ ಈ ಕಡೆಗೆ ಹೆಣ್ಣು ತರೋರು.

ಹೊಂಗೆನಾಡಿನ ಅರಸನ ಊರಲ್ಲಿ ದ್ಯಾವಣ್ಣ ಅನ್ನೋನು ಡಂಗುರ ಸಾರ್ತಿದ್ದ. ಅರಮನೆಯ ಮಾತು ಊರಿಗೆ ಮುಟ್ಟಬೇಕಾದರೆ ದ್ಯಾವಣ್ಣನ ತಮಟೆ ಬಡೀಬೇಕು, ದ್ಯಾವಣ್ಣನ ಗಂಟಲು ಕೂಗಬೇಕು. ಕೂಗೋ ಮಾತು ಸರಿಯೋ ತಪ್ಪೋ ಅಂತ ಅವನು ಯಾವತ್ತೂ ಕೇಳಿದವನಲ್ಲ. ನಾನು ತಮಟೆ ಇದ್ದ ಹಾಗೆ, ಬಡಿದೋರು ಬೇರೆ ಅಂತಿದ್ದ.

ಅವನ ಹೆಂಡತಿ ಕೆಂಪಾಜಿ ಊರಿನ ಸೂಲಗಿತ್ತಿ. ಆಚೆ ದಡದ ಮುತ್ತುಗನಾಡಿನಿಂದ ಮದುವೆಯಾಗಿ ಬಂದು ಮೂವತ್ತು ವರ್ಷವಾಗಿತ್ತು. ತಾಯಿಯ ಹಿಂದೆ ಓಡಾಡಿ ಚಿಕ್ಕವಳಿದ್ದಾಗಲೇ ಹೆರಿಗೆ ಕೆಲಸ ಕಲಿತಿದ್ದಳು. ಇಲ್ಲಿಗೆ ಬಂದಮೇಲೆ ಅತ್ತೆಯಿಂದ ಉಳಿದದ್ದು ಕಲಿತಳು. ಇವರಿಬ್ಬರಿಗೂ ಮಕ್ಕಳಾಗಲಿಲ್ಲ. ಆದರೆ ಊರಲ್ಲಿ ಹುಟ್ಟಿದ ಮೂವತ್ತಕ್ಕಿಂತ ಚಿಕ್ಕ ವಯಸ್ಸಿನವರು ಯಾರೇ ಇರಲಿ, ಮೊದಲು ಬಿದ್ದದ್ದು ಅವಳ ಕೈಗೆ. ಅವರ ಹೊಕ್ಕುಳು ಬಳ್ಳಿ ಕೊಯ್ದು, ಹಿತ್ತಲಲ್ಲೋ ಬೇಲಿ ಬುಡದಲ್ಲೋ ಹೂತು ಬಂದವಳು ಅವಳೇ.

ಒಂದು ಮಳೆಗಾಲ ಅರಸ ಸೂರಪಾಲನಿಗೆ ಮಂತ್ರಿ ಮಾಚರಸ ಒಂದು ಮಾತು ಹೇಳಿದ. "ಪ್ರಭುಗಳೇ, ಮುತ್ತುಗನಾಡಿನವರು ಮಳೆಯಲ್ಲಿ ಮಲಗಿರ್ತಾರೆ. ಈಗಲೇ ನುಗ್ಗಿದರೆ ಆಚೆ ದಡದ ಹುಲ್ಲುಗಾವಲೆಲ್ಲ ನಮ್ಮದು." ಅರಸ ಎಳೆಯ, ಅನುಭವ ಸಾಲದು. ಹೂಂ ಅಂದ. ಮಾಚರಸ ತುಂಬಿದ ಹೊಳೆಗೆ ದಂಡು ಇಳಿಸಿದ. ಮುನ್ನೂರು ಗಂಡಸರು ಇಳಿದರು. ನಲವತ್ತು ಮಂದಿ ಎದ್ದು ಬಂದರು. ಶತ್ರುವಿನ ಮುಖವನ್ನೇ ಯಾರೂ ನೋಡಲಿಲ್ಲ, ನೀರೇ ಎಲ್ಲರನ್ನೂ ನುಂಗಿತ್ತು.

ಬೇಸಿಗೆ ಬಂದು ಹೊಳೆ ಸೊರಗಿದರೂ ಊರಲ್ಲಿ ಹೆಂಗಸರ ಗೋಳು ನಿಲ್ಲಲಿಲ್ಲ. ಅರಮನೆಯ ಬಾಗಿಲಿಗೆ ಬಂದು ಕೂತರು. "ಯಾರು ಇದಕ್ಕೆ ಕಾರಣ? ಅದನ್ನ ಹೇಳಿ" ಅಂದರು.

ಮಾಚರಸ ಅರಸನ ಕಿವಿಯಲ್ಲಿ ಹೇಳಿದ, "ನಮ್ಮೊಳಗೆ ನಮ್ಮವರಲ್ಲದವರು ಸೇರಿಕೊಂಡಿದ್ದಾರೆ. ಅವರೇ ಸುದ್ದಿ ಕೊಟ್ಟರು."

"ನಮ್ಮವರು ಯಾರು, ಅಲ್ಲದವರು ಯಾರು ಅಂತ ತಿಳಿಯೋದು ಹೇಗೆ?" ಅರಸ ಕೇಳಿದ.

"ಅದನ್ನ ನನಗೆ ಬಿಡಿ" ಅಂದ ಮಂತ್ರಿ.

ಮೊದಲನೆಯ ಡಂಗುರ ಬಂತು. ದ್ಯಾವಣ್ಣ ಊರ ನಡುವೆ ನಿಂತು ಕೂಗಿದ, "ಕೇಳ್ರಪ್ಪೋ ಕೇಳ್ರಿ. ಹಾಲನ್ನ ಹಾಲು ಅನ್ನೋರು ನಮ್ಮವರು. ಆಲು ಅನ್ನೋರು ಹೊರಗಿನವರು. ಆಲು ಅನ್ನೋರು ಹೊಳೆ ದಾಟಿ ಹೋಗಬೇಕು."

ಊರಾಚೆಯ ಹಟ್ಟಿಯಲ್ಲಿ ದನ ಕಾಯೋರ ನಲವತ್ತು ಮನೆ ಇತ್ತು. ಅವರ ನಾಲಿಗೆಯಲ್ಲಿ ಹಕಾರ ನಿಲ್ತಿರಲಿಲ್ಲ. ತಾತನ ಕಾಲದಿಂದ ಅವರದು ಹಾಗೇ. ಸಿಪಾಯಿಗಳು ಒಂದು ಚೆಂಬು ಹಾಲು ಮುಂದಿಟ್ಟು, ಇದೇನು ಅಂತ ಕೇಳಿದರು. ಒಬ್ಬ ಮುದುಕ ತಡವರಿಸಿ ತಡವರಿಸಿ, ಕೊನೆಗೆ ಆಲು ಅಂದು ತಾನೇ ಅತ್ತುಬಿಟ್ಟ. ಇಡೀ ಹಟ್ಟಿಯನ್ನ ಹೊಳೆಗೆ ನಡೆಸಿದರು. ಗಡಿಪಾರಾದವರ ಮುಂದೆ ಡಂಗುರದವನು ತಮಟೆ ಬಡಿದುಕೊಂಡು ಹೋಗಬೇಕು ಅನ್ನೋದು ಪದ್ಧತಿ. ದ್ಯಾವಣ್ಣ ಬಡಿದುಕೊಂಡು ಹೋದ.

ಮನೆಗೆ ಬಂದಾಗ ಕೆಂಪಾಜಿ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. "ಆ ಹಟ್ಟೀಲಿ ಹದಿನೇಳು ಮಕ್ಕಳನ್ನ ಹಿಡಿದಿದ್ದೀನಿ. ಹುಟ್ಟಿದಾಗ ಎಲ್ಲಾ ಒಂದೇ ಥರ ಅತ್ತವು" ಅಂದಳು.

"ಅರಮನೆ ಮಾತು ಕಣೇ. ನಾನೇನು ಮಾಡಲಿ?"

"ನೀವು ಕೂಗಿದ್ರಲ್ಲ."

ದ್ಯಾವಣ್ಣ ತಮಟೆಯನ್ನ ಗೂಟಕ್ಕೆ ನೇತುಹಾಕಿದ. ಮಾರನೆಯ ದಿನದಿಂದ ಊರಿಗೆ ಹಾಲು ಬರೋದು ನಿಂತಿತು. ಹಾಲು ಅನ್ನೋ ಮಾತನ್ನ ಸರಿಯಾಗಿ ಆಡೋರು ಊರು ತುಂಬ ಇದ್ದರು, ಕರೆಯೋರು ಒಬ್ಬರೂ ಇರಲಿಲ್ಲ.

ಅಷ್ಟಾದರೂ ಹೆಂಗಸರ ದುಃಖ ತಣಿಯಲಿಲ್ಲ. ಸತ್ತವರು ಎದ್ದು ಬರಲಿಲ್ಲವಲ್ಲ. ಮತ್ತೆ ಅರಮನೆಯ ಬಾಗಿಲಿಗೆ ಬಂದು ಕೂತರು. ಮಾಚರಸ ಅಂದ, "ಇನ್ನೂ ಒಳಗಿದ್ದಾರೆ. ಮಾತು ಕಲಿತು ಬಚ್ಚಿಟ್ಟುಕೊಂಡಿದ್ದಾರೆ. ಆದರೆ ಹೊಟ್ಟೆ ಬಚ್ಚಿಡೋಕಾಗಲ್ಲ."

ಎರಡನೆಯ ಡಂಗುರ ಬಂತು. "ಕೇಳ್ರಪ್ಪೋ ಕೇಳ್ರಿ. ರಾಗಿಮುದ್ದೆ ಉಣ್ಣೋರು ನಮ್ಮವರು. ಜೋಳದ ರೊಟ್ಟಿ ತಟ್ಟೋರು ಹೊರಗಿನವರು."

ಹೊತ್ತು ಮೂಡೋ ಮುಂಚೆ ಸಿಪಾಯಿಗಳು ಗೋಡೆಗೆ ಕಿವಿ ಕೊಟ್ಟು ಬೀದಿ ಬೀದಿ ನಡೆದರು. ಎಲ್ಲಿ ಟಪ ಟಪ ಅಂತ ರೊಟ್ಟಿ ತಟ್ಟೋ ಸದ್ದು ಕೇಳಿತೋ ಆ ಬಾಗಿಲಿಗೆ ಸುಣ್ಣದ ಗೆರೆ ಎಳೆದರು. ನೇಕಾರರ ಕೇರಿ ಪೂರ್ತಿ ಸುಣ್ಣದ ಗೆರೆಯಾಯಿತು. ಅಲ್ಲಿ ಸಾಕವ್ವ ಅಂತ ಎಂಟು ತಿಂಗಳ ಬಸುರಿ ಇದ್ದಳು. ಗಂಡ ಹೊಳೆಯಲ್ಲಿ ಸತ್ತಿದ್ದ, ಹೊಂಗೆನಾಡಿಗಾಗಿಯೇ ಸತ್ತಿದ್ದ. ಅವಳನ್ನೂ ಹೊರಡಿಸಿದರು. ಮುಂದೆ ದ್ಯಾವಣ್ಣನ ತಮಟೆ. ಹಿಂದೆ ಅವಳ ಭಾರದ ಹೆಜ್ಜೆ. ಅವಳ ಉಸಿರು ಕೇಳಬಾರದು ಅಂತ ದ್ಯಾವಣ್ಣ ಜೋರಾಗಿ ಬಡಿದ.

ಕೆಂಪಾಜಿ ಆವತ್ತು ರೊಟ್ಟಿಯ ಹೆಂಚನ್ನ ಹಿತ್ತಲಲ್ಲಿ ಕವುಚಿ ಇಟ್ಟಳು. ದ್ಯಾವಣ್ಣನಿಗೆ ಅವಳ ರೊಟ್ಟಿ ಅಂದರೆ ಪ್ರಾಣ. ಬೇಕು ಅಂತ ಅವನು ಕೇಳಲಿಲ್ಲ. ಯಾಕೆ ತಟ್ಟಲಿಲ್ಲ ಅಂತ ಅವಳು ಹೇಳಲಿಲ್ಲ.

ಮೂರನೆಯ ಸಲ ಹೆಂಗಸರು ಬಂದು ಕೂತಾಗ ಅವರ ಜೊತೆ ಗಂಡಸರೂ ಇದ್ದರು. ಒಬ್ಬ ಕುಂಟ ಸಿಪಾಯಿ, ನೀರಿಂದ ಎದ್ದು ಬಂದ ನಲವತ್ತರಲ್ಲಿ ಒಬ್ಬ, "ತುಂಬಿದ ಹೊಳೆಗೆ ನಮ್ಮನ್ನ ಇಳಿಸಿದವರು ಯಾರು ಅನ್ನೋದನ್ನೂ ಕೇಳಬೇಕಲ್ಲ" ಅಂದ. ಆ ಪ್ರಶ್ನೆ ತನ್ನ ಕಡೆಗೇ ತಿರುಗೀತು ಅಂತ ಮಾಚರಸ ಎಚ್ಚೆತ್ತ. ಅವನು ಎಲ್ಲಕ್ಕಿಂತ ಗಟ್ಟಿಯಾದ ಡಂಗುರ ಬರೆಸಿದ.

"ಕೇಳ್ರಪ್ಪೋ ಕೇಳ್ರಿ. ಯಾರ ಹೊಕ್ಕುಳು ಹೊಂಗೆನಾಡಿನ ಮಣ್ಣಲ್ಲಿ ಹೂತಿದೆಯೋ ಅವರೇ ನಮ್ಮವರು. ಅದಕ್ಕೆ ಸೂಲಗಿತ್ತಿ ಸಾಕ್ಷಿ ಹೇಳಬೇಕು. ಸಾಕ್ಷಿ ಇದ್ದವರು ಅರಮನೆಯ ಮುಂದೆ ತಮ್ಮ ಹೆಸರಿನ ಕಲ್ಲು ನೆಡಬೇಕು. ಸಾಕ್ಷಿ ಇಲ್ಲದವರು ಹೊಳೆ ದಾಟಬೇಕು. ದಾಟಿದವರನ್ನ ಕಾವಲಿನವರು ಮತ್ತೆ ಈಚೆ ಬಿಡಕೂಡದು. ಅದು ಅರಸರ ತಮ್ಮನೇ ಆಗಲಿ, ಮಂತ್ರಿಯೇ ಆಗಲಿ."

ಕೊನೆಯ ಮಾತನ್ನ ಮಾಚರಸ ತಾನೇ ಸೇರಿಸಿದ್ದ. ಅದನ್ನ ಕೇಳಿ ಜನ, ಪರವಾಗಿಲ್ಲ, ನ್ಯಾಯವಂತ ಅಂದುಕೊಂಡರು.

ಕೆಂಪಾಜಿಯನ್ನ ಅರಮನೆಯ ಮುಂದೆ ಹಲಗೆಯ ಮೇಲೆ ಕೂರಿಸಿದರು. ಮೂರು ದಿನ ಊರು ಅವಳ ಮುಂದೆ ಸಾಲು ನಿಂತಿತು. ಇವನದು ಹುಣಿಸೆಮರದ ಬುಡ. ಇವಳದು ಕೊಟ್ಟಿಗೆಯ ಮೂಲೆ. ಇವರಿಬ್ಬರು ಅವಳಿ, ಒಂದೇ ಗುಂಡಿ. ವಯಸ್ಸಾದವರ ಗುರುತನ್ನ ಅತ್ತೆ ಸಾಯೋ ಮುಂಚೆ ಅವಳಿಗೆ ಹೇಳಿಕೊಟ್ಟಿದ್ದಳು.

ಆದರೆ ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕಲ್ಲ. ಊರಿನ ಅರ್ಧಕ್ಕರ್ಧ ತಾಯಂದಿರ ತವರು ಆಚೆ ದಡ. ಎಷ್ಟೋ ಮನೆಯ ಹಿರಿಮಕ್ಕಳು ಹುಟ್ಟಿದ್ದು ಮುತ್ತುಗನಾಡಿನಲ್ಲಿ. ಆ ತಾಯಂದಿರೂ ಹಿರಿಮಕ್ಕಳೂ ಬಿಳಿಚಿಕೊಂಡು ಬಂದು ನಿಂತರು. ಕೆಂಪಾಜಿ ಒಬ್ಬೊಬ್ಬರ ಮುಖ ನೋಡಿದಳು. "ಇವನದು ಇಲ್ಲೇ. ಬಾವಿಕಟ್ಟೆಯ ಹಿಂದೆ." "ಇವನದೂ ಇಲ್ಲೇ." "ಇವಳದೂ ಇಲ್ಲೇ." ಮೂವತ್ತು ವರ್ಷದಲ್ಲಿ ಒಂದೂ ಸುಳ್ಳು ಹೇಳದವಳು ಮೂರು ದಿನದಲ್ಲಿ ಇನ್ನೂರು ಸುಳ್ಳು ಹೇಳಿದಳು. ಒಂದಕ್ಕೂ ಅವಳ ದನಿ ನಡುಗಲಿಲ್ಲ. ತಮಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ದ್ಯಾವಣ್ಣ ಎಲ್ಲ ಕೇಳಿಸಿಕೊಂಡ. ಅವನಿಗೆ ಗೊತ್ತಾಯಿತು. ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಮೂರನೆಯ ದಿನ ಮಧ್ಯಾಹ್ನ ಮಂತ್ರಿಯೂ ಸೇರಿದಂತೆ ದೊಡ್ಡಮನೆಯವರ ಸರದಿ ಬರೋದಿತ್ತು. ಅದಕ್ಕೆ ಮೊದಲೇ ಮಾಚರಸ ಎದ್ದು ಬಂದ.

"ಎಲ್ಲರದೂ ಆಯ್ತು, ಸೂಲಗಿತ್ತಿ. ನಿನ್ನ ಹೊಕ್ಕುಳು ಎಲ್ಲಿದೆ?"

ಆಚೆ ದಡದಿಂದ ಅವಳ ದಿಬ್ಬಣ ಬಂದದ್ದನ್ನ ಕಂಡವರು ಅಲ್ಲೇ ಎಷ್ಟೋ ಮಂದಿ ಇದ್ದರು.

"ಎಲ್ಲಿದೆಯೋ ನಾನು ಕಂಡಿಲ್ಲ, ಸ್ವಾಮಿ" ಅಂದಳು ಕೆಂಪಾಜಿ. "ನನ್ನ ಹೊಕ್ಕುಳು ಕೊಯ್ದಾಗ ನಾನಿನ್ನೂ ಕಣ್ಣು ಬಿಟ್ಟಿರಲಿಲ್ಲ. ಇಲ್ಲಿ ನಾನು ಕೊಯ್ದದ್ದೆಲ್ಲ ಗೊತ್ತು. ಈ ಊರು ನನ್ನದು ಅಂತ ಅನ್ನಿಸೋಕೆ ನನಗೆ ಅಷ್ಟೇ ಸಾಕಿತ್ತು."

"ಸಾಕ್ಷಿ ಉಂಟೇ?"

ಅವಳು ಸಾಲಲ್ಲಿ ನಿಂತವರ ಕಡೆ ತಿರುಗಿದಳು. ಅವಳ ಸುಳ್ಳಿನಿಂದ ಅರ್ಧ ಗಂಟೆಯ ಮುಂಚೆ ಉಳಿದುಕೊಂಡವರು ಅಲ್ಲಿದ್ದರು. ಒಬ್ಬ ಕೆಮ್ಮಿದ. ಒಬ್ಬಳು ಮಗುವಿನ ಮೂಗು ಒರೆಸಿದಳು. ಯಾರೂ ಬಾಯಿ ಬಿಡಲಿಲ್ಲ. ದ್ಯಾವಣ್ಣ ಮಂತ್ರಿಯ ಕಾಲಿಗೆ ಬಿದ್ದ.

"ಬುದ್ಧೀ, ನನ್ನ ಹೆಂಡತಿ. ಬಿಟ್ಟುಬಿಡಿ."

"ಸಾರಿದವನು ನೀನೇ ಅಲ್ಲವೇನಯ್ಯ?" ಅಂದ ಮಾಚರಸ. "ಏಳು. ತಮಟೆ ತಗೋ."

ದ್ಯಾವಣ್ಣ ತನ್ನ ಹೆಂಡತಿಯ ಮುಂದೆ ತಮಟೆ ಬಡಿದುಕೊಂಡು ಹೊಳೆಯವರೆಗೆ ನಡೆದ. ದಡಕ್ಕೆ ಬಂದಾಗ ಬಡಿಯೋದನ್ನ ನಿಲ್ಲಿಸಿದ.

"ನಾನೂ ಬರ್ತೀನಿ ಕೆಂಪಿ."

"ನೀವು ಬಂದರೆ ನನಗೆ ತುತ್ತು ತರೋರು ಯಾರು?" ಅಂದಳು ಅವಳು. "ಇಲ್ಲೇ ಇರಿ. ಇನ್ನೊಂದು ಮಾತು. ಆ ಮಾಚರಸ ಹುಟ್ಟಿದ್ದು ಆಚೆ ದಡದ ನಮ್ಮೂರಲ್ಲಿ, ಅವನ ತಾಯಿಯ ತವರಲ್ಲಿ. ನಮ್ಮವ್ವ ಹೊಕ್ಕುಳು ಕೊಯ್ದಳು, ಗುಂಡಿ ತೋಡಿದ್ದು ನಾನು. ನನಗೆ ಆಗ ಹತ್ತು ವರ್ಷ. ನನಗೆ ಗೊತ್ತಿದೆ ಅಂತ ಅವನಿಗೂ ಗೊತ್ತು. ಪಾಪದವನು, ಒಂದು ಗಳಿಗೆ ತಡೆದಿದ್ದರೆ ಅವನದೂ ಇಲ್ಲೇ ಹೂತಿದೆ ಅಂತ ಹೇಳಿಬಿಡ್ತಿದ್ದೆ. ನೀವು ಮಾತ್ರ ಯಾರಿಗೂ ಹೇಳಬೇಡಿ. ಹೆತ್ತ ಮನೆಯ ಗುಟ್ಟು ಸೂಲಗಿತ್ತಿಯ ಮನೆಯಿಂದ ಹೊರಗೆ ಹೋಗಬಾರದು."

ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ದ್ಯಾವಣ್ಣ ದಡದಲ್ಲೇ ಉಳಿದ. ಉಳಿ ಅಂತ ಅವಳು ಅಂದಾಗ ಎದೆಯ ಒಂದು ಮೂಲೆಗೆ ಸಮಾಧಾನವಾಯಿತಲ್ಲ, ಅದನ್ನ ಅವನು ಸಾಯೋವರೆಗೂ ಮರೆಯಲಿಲ್ಲ.

ಮುತ್ತುಗನಾಡಿನವರೂ ಅವಳನ್ನ ಸೇರಿಸಲಿಲ್ಲ. ಆಚೆ ದಡದ ಬಿಲ್ಲಿನವರು, "ಮೂವತ್ತು ವರ್ಷ ಹೊಂಗೆನಾಡಿನ ಉಪ್ಪು ತಿಂದವಳು ನೀನು. ಮುಂದೆ ಬಂದರೆ ಬಾಣ ಬಿಡ್ತೀವಿ" ಅಂದರು. ದನಗಾಹಿಗಳಿಗೂ ನೇಕಾರರಿಗೂ ಹೀಗೇ ಆಗಿತ್ತು. ಎಲ್ಲರೂ ನಡುವಿನ ಮರಳದಿಬ್ಬದ ಮೇಲೆ ಬಿಸಿಲಲ್ಲಿ ಕೂತಿದ್ದರು. ಗಟ್ಟಿ ಇದ್ದವರು ದಿನಾ ಒಂದಷ್ಟು ಮಂದಿ ಹೊಳೆಗುಂಟ ಕೆಳಗಿನ ಕಾಡಿಗೆ ನಡೆದುಹೋಗ್ತಿದ್ದರು. ಕೆಂಪಾಜಿಯೂ ಹೋಗಬಹುದಿತ್ತು. ಹೋಗಲಿಲ್ಲ. ಸಾಕವ್ವನಿಗೆ ದಿನ ತುಂಬಿತ್ತು.

ಈಚೆ ದಡದ ಕಾವಲಿಗೆ ಜವರ ಅನ್ನೋ ಹುಡುಗ ಸಿಪಾಯಿ ಇದ್ದ. ಅವನು ಹುಟ್ಟಿದಾಗ ಕೈಗೆತ್ತಿಕೊಂಡವಳೂ ಕೆಂಪಾಜಿಯೇ. ನೀರಿನ ನಡುವೆ ಒಂದು ಬಂಡೆ ಇತ್ತು. "ಅಲ್ಲೀತನಕ ಹೋಗಿ ಬುತ್ತಿ ಇಟ್ಟು ಬಾ ಅಣ್ಣ. ನಾನು ಆ ಕಡೆ ತಿರುಗಿರ್ತೀನಿ" ಅಂದ. ದ್ಯಾವಣ್ಣ ದಿನಾ ಬೆಳಿಗ್ಗೆ ಮುದ್ದೆ ಕಟ್ಟಿಕೊಂಡು ಹೋಗಿ ಬಂಡೆಯ ಮೇಲಿಟ್ಟು ಬರೋನು. ಅವನು ದಡಕ್ಕೆ ವಾಪಸ್ಸು ಬಂದಮೇಲೆ ಅವಳು ಬಂದು ತಗೊಳ್ಳೋಳು. ಹತ್ತಿರ ನಿಲ್ಲೋ ಹಾಗಿರಲಿಲ್ಲ. ದೂರದಿಂದ ಕೂಗಿ ಮಾತಾಡ್ತಿದ್ದರು.

ಆರನೆಯ ದಿನ ಅವಳು ಕೂಗಿದಳು, "ಸಾಕವ್ವ ಹೆತ್ತಳು. ಹೆಣ್ಣು ಮಗು. ಹೊಕ್ಕುಳನ್ನ ಮರಳಲ್ಲಿ ಹೂತೆ. ಇದು ಯಾವ ನಾಡಿನದು ಅಂತ ನಿಮ್ಮ ಮಂತ್ರಿಯನ್ನ ಕೇಳಿ."

ಏಳನೆಯ ದಿನ ಅವಳ ದನಿ ಸಣ್ಣದಾಗಿತ್ತು. "ಜ್ವರ ಬಂದಿದೆ. ಮುದ್ದೆ ಇಳೀತಿಲ್ಲ. ಒಂದು ರೊಟ್ಟಿ ಇದ್ದರೆ ತಿಂದೇನು."

ದ್ಯಾವಣ್ಣ ಮನೆಗೆ ಹೋಗಿ ಹಿತ್ತಲ ಹೆಂಚು ತಂದು ಒಲೆಗೆ ಇಟ್ಟ. ನಡುಹಗಲಲ್ಲಿ ರೊಟ್ಟಿ ತಟ್ಟಿದ. ಟಪ ಟಪ ಅನ್ನೋ ಸದ್ದು ಬೀದಿಗೆಲ್ಲ ಕೇಳಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಅವನಿಗೆ ತಟ್ಟೋಕೆ ಬರ್ತಿರಲಿಲ್ಲ. ಒಂದು ಹರಿಯಿತು, ಒಂದು ಸೀದುಹೋಯಿತು, ಒಂದು ಹೇಗೋ ರೊಟ್ಟಿಯ ಹಾಗಾಯಿತು. ಅದನ್ನ ಬಂಡೆಯ ಮೇಲಿಟ್ಟು ಬಂದ. ಅವಳು ತಗೊಳ್ಳೋಕೆ ಬರಲಿಲ್ಲ. ಎಂಟನೆಯ ದಿನ ಇನ್ನೊಂದು ಇಟ್ಟ, ಒಂಬತ್ತನೆಯ ದಿನ ಮತ್ತೊಂದು. ಮೂರು ಗಂಟೂ ಅಲ್ಲೇ ಇದ್ದವು. ಬೇರೆಯವರೆಲ್ಲ ಹೊರಟುಹೋಗಿದ್ದ ದಿಬ್ಬದ ಮೇಲೆ ಅವಳ ಸೀರೆಯ ಸೆರಗು ಗಾಳಿಗೆ ಎದ್ದು ಬೀಳ್ತಿತ್ತು. ಸೀರೆಯೊಳಗೆ ಏನೂ ಅಲುಗ್ತಿರಲಿಲ್ಲ.

ಜವರ ಅವನ ಮುಖ ನೋಡಿದ. ದ್ಯಾವಣ್ಣ, "ಯಾರಿಗೂ ಹೇಳಬೇಡ" ಅಂದ. ಅಷ್ಟೇ ಅಂದ.

ಹತ್ತನೆಯ ದಿನ ಕಲ್ಲು ನೆಡೋ ದಿನ. ಅರಮನೆಯ ಮುಂದೆ ಊರೆಲ್ಲ ಸೇರಿತ್ತು. ಎಲ್ಲಕ್ಕಿಂತ ದೊಡ್ಡ ಕಲ್ಲು ಮಾಚರಸನದು. ಅದಕ್ಕೆ ಹೂವಿನ ಹಾರ ಹಾಕಿದ್ದರು. ಅರಸ ಕೈಯೆತ್ತಿ, "ಮಂತ್ರಿಗಳ ಕಲ್ಲು ಮೊದಲು" ಅಂದ. ದ್ಯಾವಣ್ಣ ತಮಟೆಯನ್ನ ಒಂದು ಸಲ ಬಡಿದ. ಎಲ್ಲರೂ ತಿರುಗಿ ನೋಡಿದರು.

"ಪ್ರಭುಗಳೇ, ನಾನು ಸಾರೋನು. ಸಾರಿದ ಮಾತು ತಪ್ಪಬಾರದು ಅಂತ ಕೇಳ್ತೀನಿ. ಸೂಲಗಿತ್ತಿ ಸಾಕ್ಷಿ ಹೇಳದೆ ಯಾರೂ ಕಲ್ಲು ನೆಡಕೂಡದು, ಮಂತ್ರಿಯೇ ಆಗಲಿ ಅಂತ ಇದೇ ಗಂಟಲಲ್ಲಿ ಕೂಗಿದ್ದೀನಿ. ಮಂತ್ರಿಗಳಿಗೆ ಸಾಕ್ಷಿ ಆಗಿಲ್ಲ."

"ಇದು ನಿಜವೇ?" ಅರಸ ಕೇಳಿದ.

"ಸೂಲಗಿತ್ತಿಯನ್ನ ಹೊರಗೆ ಹಾಕಿದೀವಲ್ಲ, ಪ್ರಭುಗಳೇ" ಅಂದ ಮಾಚರಸ.

"ಅವಳ ಜಾಗಕ್ಕೆ ಇನ್ನೊಬ್ಬಳು ಇಲ್ಲ" ಅಂದ ದ್ಯಾವಣ್ಣ. "ಅವಳು ಮರಳದಿಬ್ಬದ ಮೇಲಿದ್ದಾಳೆ. ಮಂತ್ರಿಗಳೇ ಹೋಗಿ ಕೇಳಿದರೆ ಇಲ್ಲ ಅನ್ನಲ್ಲ. ಅವಳು ಯಾರಿಗೂ ಇಲ್ಲ ಅಂದವಳಲ್ಲ."

ಜನರ ನಡುವಿನಿಂದ ಕುಂಟ ಸಿಪಾಯಿ ಕೂಗಿದ, "ಹೋಗಿ ಬರಲಿ. ನಮ್ಮ ಸಾಕ್ಷಿ ಆದ ಹಾಗೆ ಅವರದೂ ಆಗಲಿ." ಹತ್ತು ದನಿ ಸೇರಿತು. ಆಮೇಲೆ ನೂರು. ಅರಸ, "ನಿಮ್ಮದೇ ಮಾತು, ಮಂತ್ರಿಗಳೇ. ಹೋಗಿ ಬನ್ನಿ" ಅಂದ.

ಮಾಚರಸ ಒಳಗೇ ಯೋಚಿಸಿದ. ಹಸಿದ ಮುದುಕಿ. ವಾಪಸ್ಸು ಕರ್ಕೊತೀನಿ ಅಂದರೆ ಏನು ಬೇಕಾದರೂ ಹೇಳ್ತಾಳೆ. ಒಂದು ರೇಷ್ಮೆ ಸೀರೆ ಕಂಕುಳಲ್ಲಿ ಇಟ್ಟುಕೊಂಡು ಹೊಳೆಗೆ ಇಳಿದ. ಊರು ದಡದಲ್ಲಿ ನಿಂತು ನೋಡಿತು. ಅವನು ದಿಬ್ಬ ಹತ್ತಿದ. ಸೀರೆಯ ಹತ್ತಿರ ಹೋದ. ಬಗ್ಗಿದ. ಹಾಗೇ ಎರಡು ಹೆಜ್ಜೆ ಹಿಂದೆ ಬಂದ. ಆಮೇಲೆ ಓಡೋಡಿ ಬಂದು ಈಚೆಯ ನೀರಿಗೆ ಕಾಲಿಟ್ಟ.

ಜವರ ಈಟಿ ಅಡ್ಡ ಹಿಡಿದ. "ಸಾಕ್ಷಿ ಆಯ್ತಾ, ಬುದ್ಧಿ?"

"ಅವಳು ಸತ್ತಿದ್ದಾಳೆ ಕಣೋ. ದಾರಿ ಬಿಡು."

"ಸಾಕ್ಷಿ ಇಲ್ಲದವರನ್ನ ಈಚೆ ಬಿಡಕೂಡದು. ಮಂತ್ರಿಯೇ ಆಗಲಿ. ನೀವೇ ಹೇಳಿಸಿದ್ದು."

ಮಾಚರಸ ಬೈದ, ಬೇಡಿಕೊಂಡ, ಅರಸನ ಹೆಸರು ಹಿಡಿದು ಕೂಗಿದ. ಅರಸ ಜನರ ಮುಖ ನೋಡಿದ. ಹೊಳೆ ತಂದ ಗೋಳೆಲ್ಲ ಆ ಮುಖಗಳಲ್ಲಿ ಇನ್ನೂ ಇತ್ತು. ಅವನು ಬಾಯಿ ತೆರೆಯಲಿಲ್ಲ. ಮಾಚರಸ ತಿರುಗಿ ಆಚೆ ದಡದ ಕಡೆ ಹೋದ. "ನಾನು ನಿಮ್ಮೂರಲ್ಲೇ ಹುಟ್ಟಿದವನು ಕಣ್ರಪ್ಪ, ನನ್ನ ಹೊಕ್ಕುಳು ನಿಮ್ಮ ಮಣ್ಣಲ್ಲೇ ಇದೆ" ಅಂದ. ದ್ಯಾವಣ್ಣ ಬಚ್ಚಿಟ್ಟ ಗುಟ್ಟನ್ನ ಅವನೇ ಎರಡು ನಾಡಿಗೂ ಕೇಳೋ ಹಾಗೆ ಕೂಗಿಬಿಟ್ಟ. ಅಲ್ಲಿಂದ ಬಾಣ ಬಂದು ಅವನ ಕಾಲ ಬಳಿ ನಾಟಿತು. ಮೂರು ದಿನ ಅವನು ದಿಬ್ಬದ ಮೇಲೆ ಆ ಕಡೆ ಈ ಕಡೆ ಓಡಾಡಿದ. ನಾಲ್ಕನೆಯ ದಿನ ಕಾಣಲಿಲ್ಲ. ಯಾರೂ ಹುಡುಕಲಿಲ್ಲ.

ಅರಸ ಮೂರು ಡಂಗುರವನ್ನೂ ರದ್ದು ಮಾಡಿದ. "ಹೋದವರೆಲ್ಲ ವಾಪಸ್ಸು ಬರಲಿ ಅಂತ ಸಾರು" ಅಂತ ದ್ಯಾವಣ್ಣನಿಗೆ ಹೇಳಿದ. ದ್ಯಾವಣ್ಣ ದಡಕ್ಕೆ ಹೋಗಿ ತಮಟೆ ಬಡಿದ. "ಬನ್ರಪ್ಪೋ ಬನ್ರಿ. ಎಲ್ಲರೂ ನಮ್ಮವರೇ" ಅಂತ ಒಂದು ಸಲ ಕೂಗಿದ. ಎರಡು ಸಲ ಕೂಗಿದ. ಮೂರು ಸಲ ಕೂಗಿದ. ದಿಬ್ಬದ ಮೇಲೆ ಯಾರೂ ಇರಲಿಲ್ಲ. ಸಾಕವ್ವ ಮಗು ಎತ್ತಿಕೊಂಡು ಯಾವತ್ತೋ ಕೆಳಗಿನ ಕಾಡಿಗೆ ಹೋಗಿದ್ದಳು. ಅವನು ನೀರಿಗಿಳಿದು, ದಿಬ್ಬ ಹತ್ತಿ, ಹೆಂಡತಿಯನ್ನ ಅಲ್ಲೇ ಮರಳಲ್ಲಿ ಮಣ್ಣು ಮಾಡಿದ. ಊರಿಗೆ ತರೋಣ ಅಂತ ಜವರ ಅಂದ. ದ್ಯಾವಣ್ಣ ಬೇಡ ಅಂದ. ಮುಂದಿನ ಮಳೆಗೆ ದಿಬ್ಬವೇ ಕೊಚ್ಚಿಹೋಯಿತು.

ವರ್ಷ ಕಳೆದಮೇಲೆ ನಾಲ್ಕಾರು ಮನೆಯವರು ಹುಡುಕಿಕೊಂಡು ಬಂದರು. ಅವರಿಗೆ ಮನೆ ಸಿಕ್ಕಿತು, ಮಗ್ಗ ಸಿಕ್ಕಿತು. ಆದರೆ ಬಾಯಿ ತೆರೆಯೋ ಮುಂಚೆ ಅವರು ಮಾತನ್ನ ನಾಲಿಗೆಯಲ್ಲೇ ಎರಡು ಸಲ ಹೊರಳಿಸಿ ನೋಡ್ತಿದ್ದರು. ರೊಟ್ಟಿ ತಟ್ಟೋ ಹೆಂಗಸು ಹೆಂಚಿನ ಪಕ್ಕ ಬಟ್ಟೆ ಹಾಸಿ ಸದ್ದು ಬಾರದ ಹಾಗೆ ತಟ್ಟುತ್ತಿದ್ದಳು. ಸೂಲಗಿತ್ತಿ ಇಲ್ಲದೆ ಬಸುರಿಯರು ಹೆದರಿಕೊಂಡೇ ಹೆತ್ತರು. ಎಷ್ಟೋ ಮಕ್ಕಳು ಉಳಿಯಲಿಲ್ಲ. ದ್ಯಾವಣ್ಣ ಮತ್ತೆ ಡಂಗುರ ಸಾರಲಿಲ್ಲ. ಅರಮನೆಯಿಂದ ಕರೆ ಬಂದಾಗ, ಗಂಟಲು ಹೋಗಿದೆ ಅಂತ ಕೈಸನ್ನೆ ಮಾಡಿ ಕಳಿಸಿದ.

ಇದೇ ಮಕ್ಕಳೇ ಕಥೆ. ಇದರ ನೀತಿಯನ್ನ ಕೇಳಿ. ನಾಡು ನಮ್ಮದು ಅನ್ನಿಸೋದು ನಾಲಿಗೆಯಿಂದಲ್ಲ, ತಟ್ಟೆಯಿಂದಲ್ಲ, ಹೊಕ್ಕುಳು ಹೂತ ಜಾಗದಿಂದಲೂ ಅಲ್ಲ. ಒಬ್ಬರಿಗೊಬ್ಬರು ಮಾಡಿದ ಕೆಲಸದಿಂದ, ಒಬ್ಬರ ಪರವಾಗಿ ಒಬ್ಬರು ಆಡಿದ ಮಾತಿನಿಂದ. ನಮ್ಮವರು ಯಾರು ಅಂತ ಗೆರೆ ಎಳೆಯೋಕೆ ಹೊರಟವನು ಒಂದು ದಿನ ಆ ಗೆರೆಯ ಆಚೆಗೇ ಬೀಳ್ತಾನೆ, ಅದು ಖಂಡಿತ. ಆದರೆ ಮೊದಲನೆಯ ಡಂಗುರಕ್ಕೆ ಆಡಬೇಕಾದ ಮಾತನ್ನ ಮೂರನೆಯ ಡಂಗುರ ಆದಮೇಲೆ ಆಡಿದರೆ ನ್ಯಾಯ ಸಿಗಬಹುದು, ಹೋದ ಮನುಷ್ಯರು ಸಿಗೋದಿಲ್ಲ.